ನೂಮಾ ಊದದ ಸ್ವರ

ನ್ಯೂ ಆರ್ಲಿಯನ್ಸಿನ ಟ್ರೆಮೆ ಕೇರಿಯಲ್ಲಿ ನೂಮಾ ಗಾಸ್ಪಾರ್‌ನನ್ನು ತಿಳಿಯದವರಿಲ್ಲ. ಹಗಲೆಲ್ಲ ಗಾರೆ ಕೆಲಸ, ಸಂಜೆಯಾದರೆ ಟ್ರಂಪೆಟ್. ಇಪ್ಪತ್ನಾಲ್ಕಕ್ಕೇ ಸ್ವಂತ ಜಾಜ್ ಬ್ಯಾಂಡ್ ಕಟ್ಟಿ, ಊರಿನ ಕುಣಿತದ ಹಾಲ್‌ಗಳಲ್ಲೂ ನದಿಯ ಹಡಗುಗಳಲ್ಲೂ ಮೂವತ್ತು ವರ್ಷ ಮೆರೆದ. ಕೇರಿಯಲ್ಲಿ ಯಾರು ತೀರಿಕೊಂಡರೂ ಶವದ ಮುಂದೆ ಅವನ ಬ್ಯಾಂಡೇ ನಡೆಯಬೇಕು.

ಐವತ್ತು ದಾಟಿದ ಮೇಲೆ ಮುಂದಿನ ಹಲ್ಲುಗಳು ಅಲುಗಾಡತೊಡಗಿದವು. ತಾರಸ್ವರಕ್ಕೆ ಹೋದರೆ ಬರೀ ಗಾಳಿ. ನೂಮಾ ಬಾಯಿ ಬಿಡಲಿಲ್ಲ. ಬ್ಯಾಂಡಿನಲ್ಲಿ ಎರಡನೇ ಟ್ರಂಪೆಟ್ ಊದುವ ಆಲ್ಸೇಯನ್ನು ಬೆನ್ನ ಹಿಂದೆ ನಿಲ್ಲಿಸಿಕೊಂಡ. ಇವನು ಕೆನ್ನೆ ಉಬ್ಬಿಸುವನು, ಅವನು ಊದುವನು. ಚಪ್ಪಾಳೆ ಇವನಿಗೆ.

ಹೀಗೆ ಮೂರು ವರ್ಷ ಕಳೆದ ಮೇಲೆ ಹಳೆಯ ಜೊತೆಗಾರ, ಟ್ರಾಂಬೋನ್ ಊದುತ್ತಿದ್ದ ಎಲ್ಫೇಜ್ ತೀರಿಕೊಂಡ. ಸಮಾಧಿಯ ಬಳಿ ಪ್ರಾರ್ಥನಾಗೀತೆಯ ಕೊನೆಯ ಸ್ವರ ಏರಿ ನಿಂತಾಗ ಗಂಡಸರೂ ಬಿಕ್ಕಿದರು. ಎಲ್ಫೇಜನ ಹೆಂಡತಿ ಓಡೀಲ್ ಬಂದು ನೂಮಾನ ಎರಡೂ ಕೈ ಹಿಡಿದಳು.

"ಎಂಥಾ ಸ್ವರ ಊದಿದ್ಯಪ್ಪಾ ನೂಮಾ!"

"ಅವನಿಗಲ್ದೆ ಇನ್ಯಾರಿಗೆ ಊದ್ಲಿ, ಅತ್ತಿಗೆ?"

ಮಾತು ಬಾಯಿಂದ ಜಾರಿಬಿಟ್ಟಿತ್ತು. ಪಕ್ಕದಲ್ಲೇ ಆಲ್ಸೇ ತಲೆ ತಗ್ಗಿಸಿ ಟ್ರಂಪೆಟ್ ಒರೆಸುತ್ತಿದ್ದ. ವಾಪಸು ಬರುವಾಗ ಕೇರಿಯ ಪದ್ಧತಿಯಂತೆ ಕುಣಿತದ ಹಾಡು ಶುರುವಾಗಿ ಜನ ಕೊಡೆ ಎತ್ತಿ ಕುಣಿದರು. ನೂಮಾನಿಗೆ ಮುಖ ಎತ್ತಲಾಗಲಿಲ್ಲ.

ನಾಲ್ಕು ದಿನ ಹಾಗೇ ಕಳೆದವು. ಸೋಮವಾರ ಓಡೀಲಳ ಅಡುಗೆಮನೆಯ ಬಾಗಿಲಲ್ಲಿ ಹೋಗಿ ನಿಂತ. ಅವಳು ಒಲೆಯ ಮೇಲೆ ಕೆಂಪು ಕಾಳು ತಿರುವುತ್ತಿದ್ದಳು.

"ಅತ್ತಿಗೆ, ಅವತ್ತು ಊದಿದ್ದು ನಾನಲ್ಲ."

"ಗೊತ್ತು ಕಣೋ. ಮೂವತ್ತು ವರ್ಷದಿಂದ ಕೇಳ್ತಿದೀನಿ, ನಿನ್ನ ಉಸಿರು ನಂಗೆ ಗೊತ್ತಾಗಲ್ವಾ?"

"ಮತ್ತೆ ನನ್ನ ಕೈ ಯಾಕೆ ಹಿಡಿದ್ರಿ?"

"ಆಲ್ಸೇ ಹೆಸರು ಹೇಳ್ತೀಯೇನೋ ಅಂತ ಕಾದೆ."

ನೂಮಾ ಬಾಗಿಲ ಚೌಕಟ್ಟಿಗೆ ಒರಗಿ ಅತ್ತುಬಿಟ್ಟ.

"ನನ್ನ ಹತ್ರ ಅತ್ತರೆ ಏನು ಬಂತು? ಹೋಗು, ಅವನ ಬಾಗಿಲು ತಟ್ಟು," ಎಂದಳು ಓಡೀಲ್.

ಬಾಗಿಲು ತೆರೆದ ಆಲ್ಸೇ ಅವನನ್ನು ಒಳಗೆ ಕರೆಯಲಿಲ್ಲ.

"ಮೂರು ವರ್ಷ ಆಯ್ತು ಅಣ್ಣಾ. ನನ್ನ ಹೆಂಡ್ತೀನೂ ನಂಬಲ್ಲ, ಊದೋದು ನಾನು ಅಂತ."

"ನಂಬೋ ಹಾಗೆ ಮಾಡ್ತೀನಿ."

ಭಾನುವಾರ ಬ್ಯಾಂಡಿನ ಮೆರವಣಿಗೆ ಹೊರಡುವ ಮೊದಲು ನೂಮಾ ಬೀದಿಯಲ್ಲಿ ನಿಂತು, ಕೇರಿಯವರೆದುರು ಎಲ್ಲವನ್ನೂ ಹೇಳಿದ. "ಕೆನ್ನೆ ಮಾತ್ರ ನಿಂದಾ ಮುದುಕಾ!" ಎಂದು ಯಾರೋ ಕೂಗಿದರು, ಜನ ನಕ್ಕರು. ತಾನು ಹಾಕಿದ್ದ ಮುಂದಾಳಿನ ಪಟ್ಟಿಯನ್ನು ತೆಗೆದು ನೂಮಾ ಆಲ್ಸೇಯ ಹೆಗಲಿಗೆ ಹಾಕಿದ. ಆಲ್ಸೇ ಬೇಡವೆನ್ನಲಿಲ್ಲ, ನಗಲೂ ಇಲ್ಲ.

ಆಮೇಲೆ ನೂಮಾ ಹಿಂದಿನ ಸಾಲಿನಲ್ಲಿ ನಡೆದು ತನಗೆ ಎಟುಕುವ ಕೆಳಗಿನ ಸ್ವರಗಳನ್ನಷ್ಟೇ ಊದುತ್ತಿದ್ದ. ಆಲ್ಸೇಗೆ ಚಪ್ಪಾಳೆ ಬಿದ್ದಾಗಲೆಲ್ಲ ಆ ಮೂರು ವರ್ಷ ನೆನಪಾಗಿ ನೂಮಾನ ಕಿವಿ ಬಿಸಿಯಾಗುತ್ತಿತ್ತು.