ಸ್ಟಾಂಪು ಬೇಡದ ಕಾಗದ

ಮದ್ದೂರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಾರ್ಡು ಕೊಳ್ಳೋಣವೆಂದು ಮಳವಳ್ಳಿಯ ಅಂಚೆ ಕಚೇರಿಗೆ ಹೋದೆ. ನನ್ನ ಮುಂದೆ ಸಾಬರ ಕೇರಿಯ ವಯಸ್ಸಾದ ಹೆಂಗಸೊಬ್ಬರು ನಿಂತಿದ್ದರು. ಲಾರಿ ರಿಪೇರಿ ಕಲಿತು ಸೈನ್ಯ ಸೇರಿದ್ದ ಅವರ ಮಗ ಈಗ ಇಟಲಿಯವರ ಸೆರೆಯಲ್ಲಿದ್ದಾನೆಂದು ಮಾತಿನಿಂದ ತಿಳಿಯಿತು. ಅವನಿಗೆ ಬರೆಸಿದ ಕಾಗದಕ್ಕೆ ಸ್ಟಾಂಪು ಬೇಡವೆಂದು ಪೋಸ್ಟ್‌ಮಾಸ್ಟರು ಹೇಳಿದರೆ ಆಕೆ ಒಪ್ಪಲಿಲ್ಲ.

"ಸ್ಟಾಂಪಿಲ್ದಿದ್ರೆ ಬೇರಿಂಗ್ ಆಯ್ತದೆ ಸಾಮಿ. ದುಡ್ಡು ಕೊಟ್ಟು ಬುಡುಸ್ಕಳಕ್ಕೆ ಅವನತ್ರ ಕಾಸೆಲ್ಲೈತೆ?"

ಪೋಸ್ಟ್‌ಮಾಸ್ಟರು ಕನ್ನಡಕ ತೆಗೆದರು. "ಸೆರೆಯಲ್ಲಿರೋರ ಕಾಗದಕ್ಕೆ ಯಾವ ದೇಶದೋರೂ ಕಾಸು ಕೇಳಲ್ಲ ಕಣಮ್ಮ. ಯುದ್ಧ ನಡೀತಿದ್ರೂ ಅಂಚೆಯೋರು ಮಾತ್ರ ಹಾಗೆ ಮಾತಾಡ್ಕೊಂಡಿದಾರೆ. ನಮ್ಮ ಚೀಲ ಅವರು ಇಳಿಸ್ಕೋತಾರೆ, ಅವರ ಚೀಲ ನಾವು."

ನನಗೂ ಇದು ಗೊತ್ತಿರಲಿಲ್ಲ. ಯಾರು ಯಾರ ಹಡಗು ಮುಳುಗಿಸಿದರು ಎಂಬುದನ್ನಷ್ಟೇ ದಿನವೂ ಪತ್ರಿಕೆಯಲ್ಲಿ ಓದುತ್ತಿದ್ದೆ.

ಆಕೆ ಸೆರಗಿನಲ್ಲಿ ಹಿಡಿದಿದ್ದ ಕಾಗದವನ್ನು ಕೊನೆಗೂ ಕಿಟಕಿಯೊಳಗೆ ಸರಿಸಿದರು. ಪೋಸ್ಟ್‌ಮಾಸ್ಟರು ಮುದ್ರೆ ಎತ್ತಿದರು.

"ಅಂಗಾರೆ, ಅವರ ಚೀಲ ಬರೋವಾಗ ನನ್ ಮಗನ್ನೂ ಜೊತೇಲಿ ಕಳ್ಸಾಕೆ ಒಂದ್ ಮಾತು ಬರೀರಿ ಸಾಮಿ."