ತಾರಸಿಗೆ ನೀರು ಹಾಕಲು ಹೋದವರು

ನನಗಿರುವುದು ಪಾರ್ಕಿನ್ಸನ್ ಕಾಯಿಲೆ ಎಂದು ತಿಳಿದ ಮೇಲೆ ಹಂಪನಕಟ್ಟೆಯ ನನ್ನ ಟೈಲರಿಂಗ್ ಅಂಗಡಿಯನ್ನು ಮುಚ್ಚಿದೆ. ಸೂಜಿಗೆ ನೂಲು ಪೋಣಿಸಲಾಗದ ಕೈಯಲ್ಲಿ ಯಾರ ರವಿಕೆ ಹೊಲಿಯುವುದು? ಗಂಡ ಗಲ್ಫಿನ ಕೆಲಸ ಬಿಟ್ಟು ವಾಮಂಜೂರಿನ ಮನೆಗೆ ಬಂದರು. ಅಡುಗೆ ಕಲಿತರು. ನನ್ನ ಜಡೆ ಹೆಣೆಯಲೂ ಕಲಿತರು.

ಕಾಯಿಲೆಯನ್ನು ಹೇಗೋ ಸಹಿಸಿಕೊಂಡೆ, ಸೆಕೆಯನ್ನು ಸಹಿಸಲಾಗಲಿಲ್ಲ. ನಾನು ಚಿಕ್ಕವಳಿದ್ದಾಗ ಎಷ್ಟೇ ಬಿಸಿಲಿದ್ದರೂ ಸಂಜೆಯ ಗಾಳಿಗೆ ಮೈ ತಂಪಾಗುತ್ತಿತ್ತು. ಈಗ ಮಾರ್ಚ್ ಬರುವ ಮೊದಲೇ ಸೆಕೆ ಶುರು, ರಾತ್ರಿಯೂ ಗೋಡೆ ಬಿಸಿ. ಅಂಥ ದಿನಗಳಲ್ಲಿ ಮಾತ್ರೆ ನುಂಗಿದರೂ ಮೈ ಸಡಿಲವಾಗುವುದಿಲ್ಲ. ಬೆವರು ಸುರಿದು ಸುಸ್ತಾಗುತ್ತದೆ, ಎದ್ದು ನಿಂತರೆ ತಲೆ ಸುತ್ತುತ್ತದೆ. ಹಾಗಾಗಿ ಮನೆಯ ಒಂದೇ ಒಂದು ಎಸಿ ನನ್ನ ಕೋಣೆಗೆ ಬಂತು. ನಿದ್ದೆಯಲ್ಲಿ ನಾನು ಕೈಕಾಲು ಬಡಿಯುತ್ತೇನೆ. ಒಮ್ಮೆ ಅವರ ಹಲ್ಲಿಗೇ ಹೊಡೆದಿದ್ದೆ. ಆಮೇಲೆ ಅವರು ಹೊರಗಿನ ಹಾಲ್‌ನಲ್ಲಿ ಫ್ಯಾನಿನ ಕೆಳಗೆ ಮಲಗತೊಡಗಿದರು.

"ನೀವೂ ಒಳಗೆ ಬನ್ನಿ" ಎಂದರೆ, "ಮರುಭೂಮಿಯ ಬಿಸಿಲು ತಿಂದು ಬಂದವ ನಾನು. ಇದೆಂತ ದೊಡ್ಡ ಸೆಕೆ, ಮಾರಾಯ್ತಿ?" ಎನ್ನುತ್ತಿದ್ದರು. ನಾನೂ ಎರಡನೆಯ ಸಲ ಕರೆಯುತ್ತಿರಲಿಲ್ಲ. ತಂಪಿನಲ್ಲಿ ಮೈ ನನ್ನ ಮಾತು ಕೇಳುತ್ತಿತ್ತು, ಅಷ್ಟು ಸಾಕಿತ್ತು.

ಕಳೆದ ಏಪ್ರಿಲಿನ ಒಂದು ಮಧ್ಯಾಹ್ನ ನನಗೆ ಊಟ ಮಾಡಿಸಿ, ಬಾಗಿಲೆಳೆದುಕೊಂಡು ಹೋದರು. ಜೊಂಪಿನಿಂದ ಎಚ್ಚರವಾದಾಗ ಮಾತ್ರೆಯ ಹೊತ್ತು ಮೀರಿತ್ತು, ಮೈ ಮರಗಟ್ಟಿತ್ತು. ಕರೆದೆ. ಈ ಕಾಯಿಲೆ ನನ್ನ ದನಿಯನ್ನೂ ಕುಗ್ಗಿಸಿದೆ. ಎಸಿಯ ಸದ್ದಿನಲ್ಲಿ ಅದು ನನಗೇ ಕೇಳಲಿಲ್ಲ. ಮೊಬೈಲ್ ನೋಡುತ್ತ ಕೂತಿರಬೇಕು ಎಂದು ಸಿಟ್ಟು ಬಂತು. ಹೇಗೋ ಗೋಡೆ ಹಿಡಿದು ಎದ್ದು ಬಾಗಿಲು ತೆರೆದೆ. ಹೊಸ್ತಿಲ ಬಳಿ ಪಾದಗಳು ನೆಲಕ್ಕೆ ಅಂಟಿಬಿಟ್ಟವು.

ಅಷ್ಟರಲ್ಲಿ ಕರೆಂಟ್ ಹೋಯಿತು. ಎಸಿ ನಿಂತಾಗ, ತಾರಸಿಯಿಂದ ಅಂಗಳಕ್ಕೆ ನೀರು ಸುರಿಯುವ ಸದ್ದು ಕೇಳಿಸಿತು. ಪಕ್ಕದ ಮನೆಯಾಕೆಗೂ ಕೇಳಿಸಿರಬೇಕು. "ಅಕ್ಕಾ, ನಿಮ್ಮಲ್ಲಿ ಮೇಲಿಂದ ನೀರು ಹೋಗ್ತಾ ಉಂಟು!" ಎಂದು ಕೂಗುತ್ತ ಒಳಗೆ ಬಂದಳು. "ಅಣ್ಣ ಎಲ್ಲಿ?"

ನಾನು ನೀರಿನ ಸದ್ದು ಬರುತ್ತಿದ್ದ ಕಡೆ, ಮೇಲಕ್ಕೆ ಕೈ ತೋರಿಸಿದೆ. ಅವಳು ಮೆಟ್ಟಿಲು ಹತ್ತಿದಳು. ಮರುಕ್ಷಣವೇ ತನ್ನ ಗಂಡನನ್ನು ಕೂಗಿ ಕರೆಯುವ ಅವಳ ದನಿ ಕೇಳಿತು.

ನನ್ನ ಕೋಣೆಯ ಮೇಲೆ ಸರಿಯಾಗಿ ತಾರಸಿಯಲ್ಲಿ ಗೋಣಿಚೀಲಗಳನ್ನು ಹಾಸಿದ್ದರಂತೆ. ದಿನಾ ನಡು ಮಧ್ಯಾಹ್ನ ಅವಕ್ಕೆ ನೀರು ಬಿಡುತ್ತಿದ್ದರಂತೆ, ಕರೆಂಟ್ ಹೋದರೂ ನನ್ನ ಕೋಣೆ ಕಾಯದಿರಲಿ ಎಂದು. ನನಗದು ಗೊತ್ತೇ ಇರಲಿಲ್ಲ. ಪೈಪು ಕೈಯಲ್ಲಿರುವಾಗಲೇ ಕುಸಿದಿದ್ದರು.

ಅವಳೂ ಅವಳ ಗಂಡನೂ ಇವರನ್ನು ಹೊತ್ತುಕೊಂಡು ನನ್ನ ಮುಂದೆಯೇ ಹಾದುಹೋದರು. ಮುಖ ಕೆಂಪಗೆ ಉರಿಯುತ್ತಿತ್ತು, ಬಾಯಿ ಏನೇನೋ ಬಡಬಡಿಸುತ್ತಿತ್ತು. ಆಗ ನನ್ನ ಮನಸ್ಸಿಗೆ ಮೊದಲು ಬಂದದ್ದು ಅವರ ಜೀವದ ಭಯವಲ್ಲ. ಇನ್ನು ನನಗೆ ಮಾತ್ರೆ ಕೊಡುವವರು ಯಾರು? ಅದೇ ಮೊದಲು ಬಂತು. ಅಳು ಆಮೇಲೆ ಬಂತು.

ಸನ್‌ಸ್ಟ್ರೋಕ್ ಎಂದರು ಆಸ್ಪತ್ರೆಯಲ್ಲಿ. ಬದುಕಿಕೊಂಡರು. ಮನೆಗೆ ಬಂದ ಮೇಲೂ ತುಂಬ ದಿನ ನಡೆಯುವಾಗ ತೂರಾಡುತ್ತಿದ್ದರು. ಗೋಡೆ ಹಿಡಿದು ನಡೆಯುವವರು ಮನೆಯಲ್ಲಿ ಇಬ್ಬರಾದೆವು.

ಒಂದು ದಿನ ತಡೆಯಲಾಗದೆ, ಆವತ್ತು ನನಗೆ ಮೊದಲು ಬಂದ ಯೋಚನೆಯನ್ನು ಹೇಳಿಬಿಟ್ಟೆ. ಅವರು, "ನಾನೂ ಬೀಳುವಾಗ ಅದನ್ನೇ ಯೋಚಿಸಿದ್ದು, ನಿನ್ನ ಮಾತ್ರೆಗೆ ಹೊತ್ತಾಯ್ತಲ್ಲ ಅಂತ" ಎಂದರು. ನನಗೆ ಸಮಾಧಾನವಾಗಲಿ ಎಂದೇ ಹೇಳಿರಬೇಕು. ನನಗೆ ತಲೆಯೆತ್ತಿ ಅವರ ಮುಖ ನೋಡಲಾಗಲಿಲ್ಲ.

ಈಗ ನನ್ನ ಕೋಣೆಯಲ್ಲೇ, ನನ್ನ ಕಾಲಿಗೆ ಸಿಗದಷ್ಟು ದೂರದಲ್ಲಿ ಚಾಪೆ ಹಾಕಿ ಮಲಗುತ್ತಾರೆ. ಬೆಳಗಿನ ಜಾವ ಚಳಿಗೆ ಮುದುಡಿರುವುದು ಕಾಣುತ್ತದೆ. ಎಸಿ ಬಂದ್ ಮಾಡಿ ಎನ್ನಬೇಕು ಅಂದುಕೊಳ್ಳುತ್ತೇನೆ. ಇನ್ನೂ ಒಂದು ಸಲವೂ ಅಂದಿಲ್ಲ.