ಎಕ್ಸೋಸೋಮಿನ ಬೆಳೆ, ಕರಿಘಟ್ಟದ ಹರಕೆ

ಅರಕೆರೆಯಲ್ಲಿ ಮೋಡ ಕವಿದ ದಿನವೂ ಟೊಪ್ಪಿ ಹಾಕಿಕೊಂಡು ಗದ್ದೆಗೆ ಹೋಗುತ್ತಿದ್ದವನು ನಾನೊಬ್ಬನೇ. ಬಿಸಿಲಿಗೆ ಎಂದು ಹೇಳುತ್ತಿದ್ದೆ. ಯಾರೂ ನಂಬುತ್ತಿರಲಿಲ್ಲ. ಮೂವತ್ತಾರು ವಯಸ್ಸು, ನಾಲೆ ನೀರಿನ ಗದ್ದೆ, ನಾಲ್ಕು ಹಸು, ಒಂದು ಬಿಎಸ್ಸಿ. ಇಷ್ಟಿದ್ದೂ ಐದು ಕಡೆ ಹೆಣ್ಣು ನೋಡಿ ಐದೂ ಕಡೆ ಬೇಡವೆನಿಸಿಕೊಂಡಿದ್ದೆ. ಬೇಸಾಯದ ಗಂಡು ಬೇಡ ಎಂದು ಅವರು ಬಾಯಿಬಿಟ್ಟೇ ಹೇಳಿದ್ದರು. ನನಗೆ ಮಾತ್ರ ಎಲ್ಲ ತಪ್ಪೂ ನನ್ನ ಬೋಳು ನೆತ್ತಿಯದೇ ಎನಿಸಿತು. ಗದ್ದೆ ಬಿಡುವುದಕ್ಕಿಂತ ಕೂದಲು ಬೆಳೆಸುವುದು ಸುಲಭ ಎಂದುಕೊಂಡೆನಲ್ಲ, ಎಂಥ ಜಾಣ ನಾನು!

ಮೈಸೂರಿನ ಚರ್ಮದ ಡಾಕ್ಟರ ಹತ್ತಿರ ಹೋದೆ. ಸ್ಟೆಮ್ ಸೆಲ್‌ಗಳಿಂದ ತೆಗೆದ ಎಕ್ಸೋಸೋಮು ಎಂಬುದೊಂದಿದೆ, ಸವೆದ ಕೀಲಿನಿಂದ ಹಿಡಿದು ಉದುರಿದ ಕೂದಲಿನವರೆಗೆ ಅದನ್ನು ಪ್ರಯತ್ನಿಸಿ ನೋಡುತ್ತಿದ್ದಾರೆ ಎಂದರು. "ಆದರೆ ಇನ್ನೂ ಪಕ್ಕಾ ಸಾಬೀತಾಗಿಲ್ಲ. ಬೆಳೆದೇ ಬೆಳೆಯುತ್ತೆ ಅಂತ ನಾನು ಹೇಳಲ್ಲ" ಎಂದೂ ಎಚ್ಚರಿಸಿದರು. ಆ ಮಾತಿನಲ್ಲಿ ನಾನು 'ಬೆಳೆದೇ ಬೆಳೆಯುತ್ತೆ' ಎಂಬುದನ್ನಷ್ಟೇ ಆರಿಸಿಕೊಂಡು ಮನೆಗೆ ತಂದೆ.

ಅವ್ವನಿಗೆ ಪಾಠ ಶುರುಮಾಡಿದೆ. "ಸ್ಟೆಮ್ ಸೆಲ್ ತಾನೇ ಬಂದು ಕೆಲ್ಸ ಮಾಡಲ್ಲ ಕಣವ್ವ. ಕಣ್ಣಿಗೆ ಕಾಣದಂತ ಸಣ್ಣ ಸಣ್ಣ ಚೀಲ ಕಳಿಸ್ತದೆ, ಅದೇ ಎಕ್ಸೋಸೋಮು. ಅದ್ರೊಳಗೆ ಸುದ್ದಿ ಇರ್ತದೆ. ಮಲಗಿರೋ ಕೂದ್ಲು ಬೇರಿಗೆ ಏಳು ಅಂತದೆ."

"ಆಲು ಕರೆಯೋ ಒತ್ತಲ್ಲಿ ಗೊರಕೆ ಒಡೀತಿರ್ತೀಯಲ್ಲ, ನಿಂಗೇ ಏಳು ಅನ್ನೋ ಚೀಲನೂ ಒಂದ್ ತತ್ತಾ ಮಗ" ಎಂದಳು ಅವ್ವ.

ಡಾಕ್ಟರು ನನ್ನ ನೆತ್ತಿಗೆ ಮರಗಟ್ಟಿಸುವ ಮುಲಾಮು ಹಚ್ಚಿ, ಸಣ್ಣ ಸೂಜಿಗಳ ಯಂತ್ರ ಆಡಿಸಿ, ಮೇಲೆ ಎಕ್ಸೋಸೋಮಿನ ದ್ರವ ಸವರಿದರು. ಮುಲಾಮು ಹಚ್ಚಿದರೂ ಕಣ್ಣಲ್ಲಿ ನೀರು ಬಂತು. ದಿನಾ ಹಚ್ಚಲು ಒಂದು ಲೋಷನ್ನೂ ಕೊಟ್ಟರು. ತಿಂಗಳಿಗೊಂದರಂತೆ ಮೂರು ಸಲವಾಗುವ ಹೊತ್ತಿಗೆ ಎಳೆಗೂಸಿನ ತಲೆಯಲ್ಲಿರುವಂಥ ನವಿರು ಕೂದಲು ಕಾಣಿಸಿತು. ಅದು ಎಕ್ಸೋಸೋಮಿನದೋ ಲೋಷನ್ನಿನದೋ ಡಾಕ್ಟರಿಗೂ ಗೊತ್ತಾಗಲಿಲ್ಲ. ಕನ್ನಡಿಯ ಮುಂದೆ ನಿಂತ ನನಗೆ ಅದೆಲ್ಲ ಯಾಕೆ ಬೇಕು?

ನಾಲ್ಕನೇ ಸಲ ಚುಚ್ಚಿಸಿಕೊಂಡ ಮಾರನೆಯ ದಿನವೇ ಕೆ.ಆರ್. ಪೇಟೆಗೆ ಆರನೇ ಹೆಣ್ಣು ನೋಡಲು ಹೋದೆವು. ಮೊದಲ ಬಾರಿಗೆ ಟೊಪ್ಪಿ ಇಲ್ಲದೆ. ಹುಡುಗಿ ಅಲ್ಲೇ ಒಂದು ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದಳು. ಕಾಫಿ ಲೋಟ ತೆಗೆದುಕೊಳ್ಳಲು ನಾನು ಬಗ್ಗಿದಾಗ ಅವಳು ನನ್ನ ನೆತ್ತಿಯನ್ನೇ ನೋಡಿದಳು. ಕೂದಲಿಗೆ ಮಾರುಹೋದಳು ಎಂದು ಬೀಗಿದೆ. ವಾರದೊಳಗೆ ಒಪ್ಪಿಗೆ ಬಂತು.

ಅವ್ವ ದೇವರ ಕಡೆ ಕೈಮುಗಿದು, "ನಾಳಿಕೇ ಕರಿಘಟ್ಟದ ಬೆಟ್ಟದ್ ದೇವಸ್ತಾನಕ್ಕೆ ಓಗ್ಬೇಕು ಕಣ್ಲಾ. ನಿಂಗೆ ಎಣ್ಣು ಒಪ್ಪುದ್ರೆ ನಿನ್ ಮುಡಿ ಕೊಡುಸ್ತೀನಿ ಅಂತ ಅರಕೆ ಮಾಡ್ಕಂಡಿದ್ದೆ" ಎಂದಳು.

ನಾನು ಎರಡೂ ಕೈಯಲ್ಲಿ ನೆತ್ತಿ ಮುಚ್ಚಿಕೊಂಡೆ. "ಅಯ್ಯೋ! ಮದ್ವೆ ಆದ್ಮೇಲೆ ಕೊಡಾನ ಬುಡವ್ವ."

"ಕೆಲ್ಸ ಆಯ್ತು ಅಂತ ದೇವ್ರಿಗೇ ಸಬೂಬು ಏಳ್ತೀಯೇನ್ಲಾ?"

"ಸೂಜಿ ಚುಚ್ಚಿಸ್ಕಂಡು ಬೆಳ್ಸಿರೋದು ಕಣವ್ವ ಇದು!"

"ಮತ್ತೆ? ಬೋಳುತಲೇಲಿ ಏನ್ ಕೊಡ್ತಿದ್ದೆ ದೇವ್ರಿಗೆ? ಕೊಡಾಕೇ ಅಂತಾನೆ ಬೆಳ್ದದೆ."

ಮಾರನೆಯ ದಿನ ಕರಿಘಟ್ಟಕ್ಕೆ ಹೋದೆವು. ಬೆಟ್ಟದ ಬುಡದಲ್ಲಿ ಲೋಕಪಾವನಿ ಹೊಳೆಯ ದಡದಲ್ಲಿ ತಲೆ ಬಗ್ಗಿಸಿ ಕುಳಿತೆ. ಬೋಳಿಸುವವನು ನಾಲ್ಕು ಸಲ ಕತ್ತಿ ಎಳೆದು, "ಇಷ್ಟೇಯಾ ಅಣ್ಣ?" ಎಂದ. ನಾಲ್ಕು ತಿಂಗಳ ಬೆಳೆ ಒಂದು ಹಿಡಿಯೂ ಆಗಲಿಲ್ಲ.

ಆಮೇಲೆ ನಿದ್ದೆ ಹತ್ತಲಿಲ್ಲ. ಕೂದಲು ನೋಡಿ ಒಪ್ಪಿದವಳು ಈ ಬುರುಡೆ ನೋಡಿ ಬೇಡವೆಂದರೆ? ಮಂಟಪದಲ್ಲಿ ಎದ್ದು ಹೋಗುವುದಕ್ಕಿಂತ ಈಗಲೇ ಬೇಡವೆನ್ನಲಿ ಎಂದು ಟೊಪ್ಪಿ ಹಾಕಿಕೊಂಡು ಕೆ.ಆರ್. ಪೇಟೆಯ ಬಸ್ಸು ಹತ್ತಿದೆ. ಅವಳ ಊಟದ ಬಿಡುವಿನಲ್ಲಿ ಲ್ಯಾಬಿನ ಹೊರಗಿನ ಬೆಂಚಿನ ಮೇಲೆ ಕುಳಿತು ಎಕ್ಸೋಸೋಮು, ಸೂಜಿ, ಹರಕೆ, ಎಲ್ಲವನ್ನೂ ಒದರಿಬಿಟ್ಟೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

"ನಂಗೆ ಅವತ್ತೇ ಗೊತ್ತಾಯ್ತು. ಕಾಫಿ ಕೊಡುವಾಗ ನೆತ್ತಿ ಮೇಲೆ ಸೂಜಿ ಚುಕ್ಕೆ ಕಂಡ್ವು. ದಿನಾ ಸೂಜಿ ಇಡ್ಯೋಳು ನಾನು."

"ಮತ್ಯಾಕೆ ಒಪ್ಪುದ್ರಿ?"

ಅವಳ ನಗು ನಿಂತಿತು. "ನನ್ ನೋಡಾಕ್ ಬಂದೋರೆಲ್ಲ, ಎಣ್ಣು ಕಪ್ಪು, ಮಕಕ್ಕೆ ಏನಾರ ಅಚ್ಕಳ್ಳಿ, ವಸಿ ಸಣ್ಣ ಆಗ್ಲಿ ಅಂತ ಏಳ್ಬುಟ್ಟು ಓಗೋರು. ನಂಗೆ ಏನೂ ಏಳ್ದೆ, ತಮ್ ತಲೆಗೆ ತಾವೇ ಚುಚ್ಚಿಸ್ಕಂಡು ಬಂದೋರು ನೀವೊಬ್ರೆ."

ನನಗೆ ನಾಚಿಕೆಯಾಯಿತು. ಐದು ಮನೆಗಳಲ್ಲಿ ನನಗಾದ ಅವಮಾನವನ್ನೇ ಹೊತ್ತು ತಿರುಗುತ್ತಿದ್ದೆ. ಕಾಫಿ ತಟ್ಟೆ ಹಿಡಿದು ನಿಂತವಳಿಗೂ ಅದು ಆಗಿರಬಹುದೆಂದು ಒಂದು ದಿನವೂ ಯೋಚಿಸಿರಲಿಲ್ಲ.

"ಟೊಪ್ಪಿ ತೆಗೀರಿ, ಸೆಕೆ" ಎಂದಳು.

ತೆಗೆದೆ.